ಕೇಳಿ, ಕಾದು, ಆಮೇಲೆ ಮುಟ್ಟಿ

"ಸಿನ್ಯೋರಾ, ಆ ಫ್ರೆದ್ದೊ?"

ಹೊದಿಕೆಯ ಎರಡು ತುದಿ ಹಿಡಿದು ಸೊಸೆ ಮಂಚದ ಪಕ್ಕ ನಿಂತಿದ್ದಳು. ಮಂಚದಲ್ಲಿದ್ದ ಅತ್ತೆ ಕಣ್ಣು ಮುಚ್ಚಿದ್ದರು. ನಿದ್ದೆಯೇನೂ ಅಲ್ಲ, ನಿದ್ದೆ ಹೋದವರ ರೆಪ್ಪೆ ಹಾಗೆ ಅದುರುವುದಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಇನ್ನೇನು ಉಕ್ಕಬಹುದು. ಬಾಲ್ಕನಿಯಲ್ಲಿ ಹರವಿದ ಬಟ್ಟೆ ಒಳಗೆ ತರದಿದ್ದರೆ ಮತ್ತೆ ತೇವ ಹಿಡಿಯುತ್ತದೆ. ಆದರೂ ಅವಳು ನಿಂತೇ ಇದ್ದಳು. ಉತ್ತರ ಬರುವತನಕ ಹೊದಿಸುವಂತಿರಲಿಲ್ಲ.

"ಅತ್ತೆ, ಉತ್ತರ ಹೇಳಿ. ಹಾಲಿಟ್ಟು ಬಂದಿದೀನಿ."

ಅತ್ತೆ ಒಂದೇ ಕಣ್ಣು ತೆರೆದರು. "ಇನ್ನೊಂದು ಸಲ ಕೇಳು. ಈಗ ನೀನು ಕೇಳಿದ್ದು ಹಾಲನ್ನ, ನನ್ನನ್ನಲ್ಲ."

ಸೊಸೆ ಹಲ್ಲು ಕಚ್ಚಿಕೊಂಡು ನಕ್ಕಳು. "ಸಿನ್ಯೋರಾ, ಆ ಫ್ರೆದ್ದೊ?"

"ಸಿ," ಅಂದರು ಅತ್ತೆ, ಮಹಾರಾಣಿ ಅಪ್ಪಣೆ ಕೊಟ್ಟ ಹಾಗೆ. ಹೊದಿಕೆ ಮೈಮೇಲೆ ಇಳಿಯಿತು. ಅಡುಗೆಮನೆಯಲ್ಲಿ ಹಾಲು ಚರ್‍ರೆಂದು ಒಲೆಗೆ ಸುರಿಯಿತು.

ಇಟಾಲಿಯನ್ ಭಾಷೆ ಆ ಮನೆಗೆ ಬಂದದ್ದು ಹೀಗೆ, ಮಂಚದ ಪಕ್ಕಕ್ಕೆ. ಇಟಲಿಯಲ್ಲಿ ಮುದುಕರನ್ನು ನೋಡಿಕೊಳ್ಳಲು ಹೆಂಗಸರು ಬೇಕಾಗಿದ್ದಾರೆ, ಭಾಷೆ ಕಲಿಸಿ ಕೆಲಸ ಕಲಿಸಿ ಪರೀಕ್ಷೆ ಮಾಡಿ ಕಳಿಸುತ್ತಾರೆ ಎಂದು ತಿಳಿದು ಸೊಸೆ ಮಧ್ಯಾಹ್ನದ ತರಗತಿಗೆ ಸೇರಿದ್ದಳು. ಮಗಳು ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ, ಅವಳ ಓದಿಗಾಗಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಮೊದಲ ದಿನ ತರಗತಿಯವರು ಕೆಲಸದ ನಿಯಮಗಳನ್ನು ಓದಿ ಹೇಳಿದಾಗ ಅವಳ ಕಿವಿಗೆ ಬಿದ್ದು ಅಲ್ಲೇ ಕೂತದ್ದು ಬೇರೆಯೇ ಮಾತು. ಅಲ್ಲಿ ವಾರಕ್ಕೊಮ್ಮೆ ರಜೆ. ಇಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದ ದಿನದಿಂದ, ಯಾರೂ ಕರೆಯದ ಒಂದು ಬೆಳಗನ್ನು ಅವಳು ಕಂಡಿರಲಿಲ್ಲ. ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದರೂ ಒಂದು ಕಿವಿ ಬಾಗಿಲಿನಾಚೆ ಇರುತ್ತಿತ್ತು.

ತರಗತಿ ಇದ್ದದ್ದು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಹೊಸ ಚರ್ಮದ ವಾಸನೆ. ಕಲಿಸುವಾಕೆ ಇಟಲಿಯ ವೃದ್ಧರ ಮನೆಗಳಲ್ಲಿ ವರ್ಷಗಟ್ಟಲೆ ದುಡಿದು ಸೊಂಟ ಕಳೆದುಕೊಂಡು ವಾಪಸಾದವರು. ಉಡುಪಿನ ಮೇಲೆಯೇ ಅಗಲವಾದ ಸೊಂಟಪಟ್ಟಿ ಬಿಗಿದಿರುತ್ತಿದ್ದರು. ಹೆಂಗಸರು ಅವರನ್ನು ಹಿಂದಿನಿಂದ ಬೆಲ್ಟ್ ಮೇಡಂ ಎನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಕೋಣೆಯ ನಡುವೆ ಕಬ್ಬಿಣದ ಮಂಚ. ಅದರ ಮೇಲೆ ಮರಳು ತುಂಬಿದ, ಆಳಿನಷ್ಟು ಭಾರದ ಬಟ್ಟೆಯ ಬೊಂಬೆ. ಅದಕ್ಕೆ ಮೌನಮ್ಮ ಎಂದು ಹೆಸರು.

"ಮೌನಮ್ಮನ್ನ ಮುಟ್ಟೋಕ್ ಮುಂಚೆ ಕೇಳಬೇಕು," ಎಂದಿದ್ದರು ಬೆಲ್ಟ್ ಮೇಡಂ. "ಕೇಳಿ. ಕಾದು. ಆಮೇಲೆ ಮುಟ್ಟಿ. ಕೇಳಿ ತಕ್ಷಣ ಮುಟ್ಟಿದ್ರೆ ಕೇಳಿದ್ದು ಲೆಕ್ಕಕ್ಕಿಲ್ಲ."

ಬೋರ್ಡಿನ ಮೇಲೆ ಮೂರೇ ಪದ ಬರೆದು, "ಇದರಲ್ಲಿ 'ನೀವು' ಎಲ್ಲಿದೆ, ಹುಡುಕಿ ನೋಡೋಣ," ಎಂದಿದ್ದರು. ಯಾರಿಗೂ ಸಿಗಲಿಲ್ಲ.

"ಇಲ್ಲವೇ ಇಲ್ಲ. ಗೌರವ ಕೊಡಬೇಕಾದವರು ಎದುರಿಗೇ ಇದ್ರೂ ಬೇರೆ ಯಾರೋ ಒಬ್ಬ ಹೆಂಗಸು ಅನ್ನೋ ಹಾಗೆ ಮಾತಾಡಿಸ್ತಾರೆ. ಸಿನ್ಯೋರಾ, ಅಮ್ಮಾವ್ರೇ. ಆಮೇಲೆ, ಅವಳಿಗೆ ಚಳಿಯಾ? ಅಂತ."

"ನಮ್ಮನೇಲಿ ಹಾಗಂದ್ರೆ ಚಪ್ಪಲಿ ಬರುತ್ತೆ ಮೇಡಂ," ಎಂದಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ದೊಡ್ಡ ಮೈಕಟ್ಟಿನ ಹೆಂಗಸು. ಎಲ್ಲರೂ ಅವಳನ್ನು ಲಾಂಡ್ರಿ ಅಕ್ಕ ಎಂದು ಕರೆಯುತ್ತಿದ್ದರು.

"ಕೆಳಗೇ ಅಂಗಡಿ ಇದೆ, ಬರಲಿ. ನಡುವೆ ಇರೋದು 'ಆ'. ಬರೆಯುವಾಗ 'ಹ' ಇದೆ, ಹೇಳುವಾಗ ಇಲ್ಲ. ಇದೆ, ಇಟ್ಕೊಂಡಿದಾಳೆ ಅಂತ ಅರ್ಥ. ನೋಡಿ, ನಮಗೆ ಚಳಿ ಆಗುತ್ತೆ. ಎಲ್ಲಿಂದಲೋ ಬಂದು ಮೈಮೇಲೆ ಬೀಳುತ್ತೆ. ಅವರು ಚಳೀನ ಇಟ್ಕೊಂಡಿರ್ತಾರೆ, ಜೇಬಲ್ಲಿ ಕರವಸ್ತ್ರ ಇಟ್ಕೊಂಡ ಹಾಗೆ. ಹಸಿವೂ ಅಷ್ಟೇ, ಬಾಯಾರಿಕೇನೂ ಅಷ್ಟೇ, ಭಯಾನೂ ಅಷ್ಟೇ."

"ಮತ್ತೆ ಹೆಂಗಸಲ್ವಾ, ಫ್ರೆದ್ದಾ ಆಗಬೇಡ್ವಾ ಮೇಡಂ? ಮೊನ್ನೆ ನೀವೇ ಹೇಳಿದ್ರಿ, ಹೆಂಗಸಾದ್ರೆ ಕೊನೇಲಿ ಆ ಬರುತ್ತೆ ಅಂತ."

"ಚಳಿಗೆ ಹೆಂಗಸು ಗಂಡಸು ಅನ್ನೋ ಭೇದ ಇಲ್ಲಮ್ಮ. ಅವಳು ಇಟ್ಕೊಂಡಿರೋ ಚಳಿ ಅದು. 'ಎ ಫ್ರೆದ್ದಾ' ಅಂದುಬಿಟ್ರೆ ಅವಳೇ ತಣ್ಣಗಿದಾಳೆ ಅಂತಾಗುತ್ತೆ. ಒಂದಾ ಮನಸ್ಸು ಕಲ್ಲಾಗಿರಬೇಕು, ಇಲ್ಲಾ ಉಸಿರು ನಿಂತಿರಬೇಕು. ಯಾವುದಕ್ಕೂ ಹೊದಿಕೆ ಹೊದಿಸಿ ಉಪಯೋಗ ಇಲ್ಲ."

ಮೌನಮ್ಮ ಉತ್ತರ ಕೊಡುವುದಿಲ್ಲವಲ್ಲ. ಅದಕ್ಕೆ ಒಬ್ಬಳು ಮಂಚದ ತಲೆಯ ಕಡೆ ನಿಂತು ಅವಳ ಪರವಾಗಿ "ಸಿ" ಅನ್ನಬೇಕು. ಎಲ್ಲರೂ ಸರದಿಯ ಮೇಲೆ ಸಿ, ಸಿ ಎಂದರು. ಹೊದಿಕೆಗಳು ಏರಿದವು, ಇಳಿದವು. ಬೊಂಬೆಯನ್ನು ಮಗ್ಗುಲು ಬದಲಿಸಿ ಬದಲಿಸಿ ಅದರ ಹೊಲಿಗೆಯಿಂದ ಮರಳು ಉದುರುತ್ತಿತ್ತು.

ಮನೆಯಲ್ಲಿ ಬೊಂಬೆ ಇರಲಿಲ್ಲ. ಅತ್ತೆ ಇದ್ದರು.

ಮೊದಲ ದಿನ ಸೊಸೆ ಆ ಮೂರು ಪದಗಳನ್ನು ಅತ್ತೆಯ ಮುಂದೆ ಆಡಿದ್ದು ನಾಚಿಕೊಂಡೇ. ಅಷ್ಟು ವರ್ಷ ಅವಳು ಆ ಮೈಯನ್ನು ಕೇಳಿ ಮುಟ್ಟಿದವಳಲ್ಲ. ಹೊತ್ತಾಯಿತೆಂದರೆ ಬಂದು, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು, ಒಂದೇ ಎಳೆತಕ್ಕೆ ಹೊರಳಿಸಿ, ಬೆನ್ನಿಗೆ ಪೌಡರು ಬಡಿದು ಹೋಗುತ್ತಿದ್ದಳು. ಅತ್ತೆಯೂ ಗೋಡೆ ನೋಡಿಕೊಂಡು ಹೊರಳುತ್ತಿದ್ದರು. ಇಬ್ಬರ ನಡುವೆ ಮಾತಿಗೇನೂ ಬರವಿರಲಿಲ್ಲ. ಮೂದಲಿಕೆಯಿತ್ತು, ಗೊಣಗಾಟವಿತ್ತು, ಹೊಸದಾಗಿ ಮದುವೆಯಾಗಿ ಬಂದಾಗ ಯಾರು ಯಾರಿಗೆ ಏನೆಂದಿದ್ದರು ಎಂಬ ಹಳೆಯ ಕಂತೆಯಿತ್ತು. ಚಳಿಯಾಗುತ್ತಿದೆಯೇ ಎಂಬ ಒಂದು ಮಾತು ಮಾತ್ರ ಆ ಕಂತೆಯಲ್ಲಿ ಎಲ್ಲೂ ಇರಲಿಲ್ಲ.

"ಏನದು, ಏನೋ ಅಂದೆಯಲ್ಲ?" ಎಂದು ಅತ್ತೆ ಕೇಳಿದ್ದರು. ಅರ್ಥ ಹೇಳಿದಳು. ಅವಳು, ಇಟ್ಟುಕೊಂಡಿದ್ದಾಳೆ, ಚಳಿ.

ಅತ್ತೆಯ ಕಿವಿ ಸಾಮಾನ್ಯದ್ದಲ್ಲ. ನಿವೃತ್ತಿಯಾಗುವತನಕ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನೂರಾರು ದನಿಗಳನ್ನು ಜೋಡಿಸಿದವರು. ಒಮ್ಮೆ ಕೇಳಿದ ಉಚ್ಚಾರಣೆ ಅವರಿಗೆ ಹಾಗೇ ಅಂಟಿಕೊಳ್ಳುತ್ತಿತ್ತು. ಕೆಲಸದ ದಿನಗಳ ಒಂದು ಅಭ್ಯಾಸವೂ ಉಳಿದಿತ್ತು: ಯಾರಾದರೂ ಮಾತಿನ ನಡುವೆ ಕೋಣೆಗೆ ನುಗ್ಗಿದರೆ ಅಂಗೈ ಎತ್ತಿ ತಡೆಯುತ್ತಿದ್ದರು. ಲೈನಿನಲ್ಲಿದ್ದೀನಿ, ತಾಳು, ಎಂದು. ಬಲಗೈ ಬಿದ್ದುಹೋದ ಮೇಲೆ ಎಡಗೈ ಏಳುತ್ತಿತ್ತು.

"ತಪ್ಪು ಹೇಳಿದ್ರೆ ಏನಾಗುತ್ತೆ?" ಎಂದು ಕೇಳಿದರು.

"ಎ ಫ್ರೆದ್ದಾ ಅಂದ್ರೆ ನೀವು ಸತ್ತುಹೋಗಿದೀರಿ ಅಂತ ಅರ್ಥ ಬರುತ್ತೆ."

"ಹಾಗಾದ್ರೆ ಅದನ್ನೇ ಅಭ್ಯಾಸ ಮಾಡು. ಎಂದಾದ್ರೂ ಕೆಲಸಕ್ಕೆ ಬರುತ್ತೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಆ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಹೀಗೆ ಅದು ದಿನಚರಿಯಾಯಿತು. ಬೆಳಿಗ್ಗೆ ಮುಖ ಒರೆಸುವ ಮುಂಚೆ "ಪೊಸ್ಸೊ?", ಮಾಡಬಹುದೇ ಎಂದು. ಮಗ್ಗುಲು ಬದಲಿಸುವ ಮುಂಚೆ "ಪೊಸ್ಸೊ?" ಅತ್ತೆ ಕ್ಷಣಹೊತ್ತು ಯೋಚಿಸಿದಂತೆ ಮಾಡಿ "ಸಿ" ಅನ್ನುತ್ತಿದ್ದರು. ಕೇಳಿ ಕಾಯುವಷ್ಟರಲ್ಲಿ ಸೊಸೆಯ ಕೈ ತಾನೇ ಮೆತ್ತಗಾಗುತ್ತಿತ್ತು. ಎಳೆಯುವ ಕೈ ಕಾದು ನಿಂತರೆ ಅದಕ್ಕೆ ಎಳೆತ ಮರೆತುಹೋಗುತ್ತದೆ. ಅತ್ತೆ ತಲೆ ಬಾಚಿಸಿಕೊಂಡು ಕಾಯತೊಡಗಿದರು. ಮಧ್ಯಾಹ್ನ ಅವಳು ತರಗತಿಯಿಂದ ಬರುವ ಹೊತ್ತಿಗೆ, "ಇವತ್ತೇನು ಪಾಠ?" ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತಿತ್ತು.

"ಅಮ್ಮನ ಮುಖ ನೋಡಿದ್ಯಾ, ಹೇಗೆ ಕಳೆ ಬಂದಿದೆ," ಎಂದ ಗಂಡ ಒಂದು ದಿನ. ಅವನು ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಬಂದವನು ಮೊದಲು ಗ್ರೀಸಿನ ಕೈ ತೊಳೆಯುತ್ತಿದ್ದ, ಆಮೇಲೆ ಎಲ್ಲದರಿಂದಲೂ ಕೈ ತೊಳೆದುಕೊಳ್ಳುತ್ತಿದ್ದ. "ನಮ್ಮ ಭಾಷೇಲೂ ಒಂದ್ಸಲ ಹಾಗೇ ಕೇಳಿ ನೋಡು, ಖುಷಿಪಡ್ತಾಳೆ."

ಅವಳು ಕೇಳಿ ನೋಡಿದಳು. ಮರುದಿನ ಸಂಜೆ ಬಾಗಿಲಲ್ಲಿ ನಿಂತು, "ಅತ್ತೆ, ಚಳಿ ಆಗ್ತಿದೆಯಾ?" ಎಂದಳು. ತನ್ನ ದನಿ ತನಗೇ ಯಾರದೋ ಅನ್ನಿಸಿತು.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕೆ? ಏನಾಗಬೇಕಿತ್ತು ನಿನಗೆ?"

"ಏನಿಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳೋ ಪೈಕಿ ಅಲ್ಲ ನೀನು. ಏನು ವಿಷಯ ಹೇಳು."

ಅವಳು ಮುಖ ಗಂಟಿಕ್ಕಿ, ಹೊದಿಕೆ ಎಸೆದ ಹಾಗೆ ಹೊದಿಸಿ ಹೋದಳು. ಮತ್ತೆ ಆ ಪ್ರಯತ್ನ ಮಾಡಲಿಲ್ಲ. ತಮ್ಮ ಮಾತಿನಲ್ಲಿ ಪ್ರತಿ ಪದದ ಹಿಂದೆಯೂ ಇನ್ನೊಂದು ಪದ ಹೊಂಚು ಹಾಕಿ ಕೂತಿತ್ತು. ಆ ಮೂರು ಪದಗಳ ಹಿಂದೆ ಏನೂ ಇರಲಿಲ್ಲ, ಅವು ಈಗಷ್ಟೇ ಅಂಗಡಿಯಿಂದ ತಂದ ಪಾತ್ರೆಗಳ ಹಾಗಿದ್ದವು.

ಈ ಕೋರ್ಸು ಊರಿನಲ್ಲೇ, ವಿದೇಶಿ ರೋಗಿಗಳು ಬರುವ ಯಾವುದೋ ಆಸ್ಪತ್ರೆಯ ಸರ್ಟಿಫಿಕೇಟಿಗೆ ಎಂದು ಅತ್ತೆಗೆ ಹೇಳಿದ್ದರು. ಹಾಗೆ ಹೇಳಿದವನು ಗಂಡ. "ಪಾಸಾದ ಮೇಲೆ ನೋಡೋಣ, ಈಗಲೇ ಯಾಕೆ ಗದ್ದಲ," ಎಂದಿದ್ದ. ಒಂದು ಮಧ್ಯಾಹ್ನ ಅವನು ಹೊರಗಿನ ಕೋಣೆಯಲ್ಲಿ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. "ಪಾಸಾದ್ರೆ ಎರಡು ವರ್ಷಕ್ಕೆ ಹೋಗ್ತಾಳೆ. ಇಲ್ಲಾಂದ್ರೆ ಇಲ್ಲೇ. ಅಮ್ಮನಿಗೆ ಯಾರನ್ನಾದ್ರೂ ಇಟ್ರಾಯ್ತು. ನೀನಂತೂ ಕರ್ಕೊಂಡು ಹೋಗಲ್ಲ, ಗೊತ್ತು ಬಿಡು."

ಸೊಸೆ ಅಡುಗೆಮನೆಯಿಂದ ಓಡಿ ಬಂದು ಸನ್ನೆ ಮಾಡಿದಳು. "ಮೆತ್ತಗೆ. ಅವರ ಕಿವಿ ಗೊತ್ತಲ್ಲ ನಿಮಗೆ."

ಒಳಗೆ ಇಣುಕಿದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಉಸಿರು ಸಮವಾಗಿತ್ತು. ಅವಳಿಗೆ ನಿರಾಳವಾಯಿತು.

ಆ ಸಂಜೆ ಹಾಲು ಕುಡಿಸುವಾಗ ಅತ್ತೆ ಕೇಳಿದರು. "ಸಿ ಅಂದ್ರೆ ಹೂಂ. ಬೇಡ ಅನ್ನೋದಕ್ಕೇನು?"

"ನೋ. ಮರ್ಯಾದೆಗೆ ನೋ, ಗ್ರಾತ್ಸಿಯೆ ಅನ್ನಬೇಕು."

"ನೋ, ಗ್ರಾತ್ಸಿಯೆ," ಅತ್ತೆ ಬಾಯೊಳಗೆ ಹೊರಳಿಸಿ ನೋಡಿದರು. "ಭಯಕ್ಕೆ?"

"ಪಊರಾ. ಓ ಪಊರಾ ಅಂದ್ರೆ ನಾನು ಭಯ ಇಟ್ಕೊಂಡಿದೀನಿ ಅಂತ. ಅದು ಯಾಕೆ ನಿಮಗೆ?"

"ಸುಮ್ಮನೆ ಕೇಳಿದೆ," ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಸೊಸೆ "ಪೊಸ್ಸೊ?" ಎಂದು ಒದ್ದೆ ಬಟ್ಟೆ ಹಿಡಿದು ನಿಂತಾಗ ಎಡಗೈ ಮೇಲೆದ್ದಿತು, ಅಂಗೈ ಬಿಚ್ಚಿಕೊಂಡು. "ನೋ, ಗ್ರಾತ್ಸಿಯೆ."

ತಮಾಷೆಯೆಂದುಕೊಂಡು ಬಗ್ಗಿದಳು. ಅಂಗೈ ಅವಳ ಎದೆಯ ಹತ್ತಿರಕ್ಕೇ ಬಂತು. "ನೋ ಅಂದೆ. ನಿಮ್ಮ ಬೆಲ್ಟ್ ಮೇಡಂ ಏನು ಹೇಳಿದಾಳೆ? ಕೇಳಿ, ಕಾದು. ಕಾಯಿ."

"ಅತ್ತೆ, ತರಗತೀಲಿ ಯಾರೂ ನೋ ಅನ್ನಲ್ಲ. ಸಿ ಅನ್ನಬೇಕು, ಅಷ್ಟೇ."

"ಅದು ಬೊಂಬೆ. ನಾನಿನ್ನೂ ಆಗಿಲ್ಲ."

ಅಲ್ಲಿಂದ ಶುರುವಾಯಿತು. ಹೊದಿಕೆಗೆ ನೋ. ಮಗ್ಗುಲಿಗೆ ನೋ. ಹೊರಗೆ ಚಳಿಗಾಳಿ ಬೀಸಿ ಕಿಟಕಿಯ ಗಾಜು ಗಡಗಡ ಎನ್ನುತ್ತಿದ್ದರೂ, ಅತ್ತೆಯ ತುಟಿ ನೀಲಿಗಟ್ಟಿದ್ದರೂ ನೋ. ಸೊಸೆಗೆ ತಲೆ ಕೆಟ್ಟುಹೋಯಿತು. ಒಂದು ದಿನ ಹಾಸಿಗೆ ಬದಲಿಸಲೂ ಬಿಡದೆ ಅತ್ತೆ ಒದ್ದೆಯಲ್ಲೇ ಮಲಗಿದ್ದರು. ಕೊನೆಗೆ ಸೊಸೆ ಬಾಯಿ ಬಿಟ್ಟು ಬೈದೇಬಿಟ್ಟಳು, ತಮ್ಮ ಭಾಷೆಯಲ್ಲಿ, ಹಳೆಯ ಕಂತೆಯನ್ನೆಲ್ಲ ಬಿಚ್ಚಿ. ಅತ್ತೆ ಎಲ್ಲ ಕೇಳಿಸಿಕೊಂಡು, "ಇದನ್ನ ಆ ಭಾಷೇಲಿ ಹೇಳೋಕೆ ಬರಲ್ವಲ್ಲ ನಿನಗೆ, ಫೇಲಾಗ್ತೀಯ," ಎಂದರು.

ಬಲವಂತ ಮಾಡಬಹುದಿತ್ತು. ಆ ಒಂದು ಕೈಗೆ ಎಷ್ಟು ಬಲ? ಆದರೆ ಬಲವಂತ ಮಾಡಿದರೆ ಅದು ಅಭ್ಯಾಸವಾಗುವುದಿಲ್ಲ, ಪರೀಕ್ಷೆ ಹತ್ತಿರ ಬರುತ್ತಿದೆ. ಅವಳು ಬೆಲ್ಟ್ ಮೇಡಂ ಹತ್ತಿರ ಹೋಗಿ, ಬೇಡ ಅಂದವರಿಗೆ ಏನು ಹೇಳಬೇಕು ಎಂದು ಒಂದು ಮಾತು ಕೇಳಿಕೊಂಡು ಬಂದಳು. "ವಾ ಬೆನೆ, ಅಸ್ಪೆತ್ತೊ." ಆಯಿತು, ಕಾಯುತ್ತೇನೆ. ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಅಲ್ಲೇ ಬೆಳ್ಳುಳ್ಳಿ ಸುಲಿದಳು, ಅಲ್ಲೇ ಗಂಡನ ಅಂಗಿಯ ಗುಂಡಿ ಹೊಲಿದಳು, ಮುಖ ನೋಡದೆ. ಮುಖ ನೋಡಿದರೆ ಅತ್ತೆ ಇನ್ನಷ್ಟು ಬಿಗಿಯುತ್ತಾರೆ ಎಂಬುದನ್ನು ಕಲಿತಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಬೇಕು, ಮೊದಲಿಗಿಂತ ಮೆಲ್ಲಗೆ. ಆಗಲೂ ನೋ ಎಂದರೆ ಹೊದಿಕೆಯ ಒಂದು ಮೂಲೆಯನ್ನು ಆ ಎಡಗೈಗೆ ಎಟಕುವಂತೆ ಮಂಚದ ಅಂಚಿನಲ್ಲಿ ಇಟ್ಟು, ಬಟ್ಟೆ ತರುವ ನೆಪ ಮಾಡಿ ಬಾಲ್ಕನಿಗೆ ಹೋಗಬೇಕು. ವಾಪಸು ಬರುವಷ್ಟರಲ್ಲಿ ಹೊದಿಕೆ ತಾನೇ ಎದೆಯವರೆಗೆ ಏರಿರುತ್ತಿತ್ತು. ಅತ್ತೆ ಕಣ್ಣು ಮುಚ್ಚಿರುತ್ತಿದ್ದರು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಪರೀಕ್ಷೆಯ ದಿನ ಮೌನಮ್ಮನನ್ನು ಮಂಚದಿಂದ ಇಳಿಸಿ ಮೂಲೆಗೆ ಒರಗಿಸಿದ್ದರು. ಪರೀಕ್ಷೆ ಮಾಡಲು ಇಟಲಿಯಿಂದಲೇ ಬಂದಿದ್ದ ಬಿಳಿಗೂದಲ ಹೆಂಗಸು ಬೂಟು ಬಿಚ್ಚಿ ಸ್ವತಃ ಮಂಚ ಏರಿ ಮಲಗಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

ಲಾಂಡ್ರಿ ಅಕ್ಕನ ಸರದಿ ಮೊದಲು. ಅವಳ ಉಚ್ಚಾರಣೆ ಗಾಜಿನ ಹಾಗೆ ಸ್ವಚ್ಛ. "ಸಿನ್ಯೋರಾ, ಆ ಫ್ರೆದ್ದೊ?"

"ನೋ," ಎಂದಳು ಬಿಳಿಗೂದಲಾಕೆ.

ಲಾಂಡ್ರಿ ಅಕ್ಕ ಒಂದು ಗಳಿಗೆ ಕಕ್ಕಾಬಿಕ್ಕಿಯಾದಳು. ಆಮೇಲೆ ಅಕ್ಕರೆಯಿಂದ ನಕ್ಕು ಹೊದಿಸಿಯೇಬಿಟ್ಟಳು, ಇಸ್ತ್ರಿ ಮಾಡುವವಳ ಅಚ್ಚುಕಟ್ಟಿನಿಂದ ನಾಲ್ಕೂ ಕಡೆ ಮಡಚಿ ಸಿಕ್ಕಿಸಿದಳು. ಬಿಳಿಗೂದಲಾಕೆ ಕಾಗದದ ಮೇಲೆ ಏನೋ ಗೀಚಿದಳು. ಮುಂದಿನವಳು ಬೆಲ್ಟ್ ಮೇಡಂ ಮುಖ ನೋಡಿದಳು. ಅದರ ಮುಂದಿನವಳು ಕ್ಷಮೆ ಕೇಳಿ ಕೇಳಿ ಅತ್ತೇಬಿಟ್ಟಳು.

ಸೊಸೆಯ ಸರದಿ ಬಂದಾಗಲೂ ಅದೇ ನೋ. ಅವಳಿಗೆ ಆ ದನಿಯಲ್ಲಿ ಹೊಸದೇನೂ ಕೇಳಿಸಲಿಲ್ಲ. "ವಾ ಬೆನೆ. ಅಸ್ಪೆತ್ತೊ." ಸ್ಟೂಲು ಎಳೆದುಕೊಂಡು ಕೂತಳು. ಹೊದಿಕೆಯನ್ನು ಮಡಿಲಲ್ಲಿಟ್ಟು ಅದರ ಅಂಚಿನಲ್ಲಿ ಎದ್ದಿದ್ದ ದಾರವೊಂದನ್ನು ಬೆರಳಿಗೆ ಸುತ್ತಿ ಕಿತ್ತಳು. ಕಿಟಕಿಯಾಚೆ ನೋಡಿದಳು. ಕೋಣೆಯಲ್ಲಿ ಯಾರೋ ಕೆಮ್ಮಿದರು. ಇನ್ನೊಮ್ಮೆ, ಮೆಲ್ಲಗೆ, ಕೇಳಿದಳು. ನೋ. ಎದ್ದು ಹೊದಿಕೆಯ ಮೂಲೆಯನ್ನು ಬಿಳಿಗೂದಲಾಕೆಯ ಎಡಗೈಯ ಹತ್ತಿರ ಇಟ್ಟು, ತಿರುಗಿ, ಮೇಜಿನ ಮೇಲಿನ ನೀರಿನ ಲೋಟ ಸರಿಪಡಿಸುತ್ತ ನಿಂತಳು. ಬೆನ್ನ ಹಿಂದೆ ಬಟ್ಟೆ ಸರಿದ ಸದ್ದು ಕೇಳಿಸಿತು.

ಬಿಳಿಗೂದಲಾಕೆ ಎದ್ದು ಕೂತು ಬೆಲ್ಟ್ ಮೇಡಂಗೆ ಉದ್ದಕ್ಕೆ ಏನೋ ಹೇಳಿದಳು.

"ಮಾತು ಹೇಳಿಕೊಟ್ಟೆ, ಹೀಗೆ ಹೊದಿಕೆ ಬಿಟ್ಟು ತಿರುಗಿ ನಿಲ್ಲೋದನ್ನ ನಾನು ಕಲಿಸಿಲ್ಲವಲ್ಲಮ್ಮ. ಯಾರು ಕಲಿಸಿದ್ದು ಅಂತ ಕೇಳ್ತಿದಾರೆ," ಎಂದರು ಬೆಲ್ಟ್ ಮೇಡಂ.

"ಮನೇಲಿ," ಎಂದಳು. ಆಮೇಲೆ, "ಅತ್ತೆ."

ಮನೆಗೆ ಬಂದಾಗ ಗಂಡ ಕೇಕು ತಂದಿಟ್ಟಿದ್ದ. ಅವಳು ಫೋನಿನಲ್ಲೇ ತಿಳಿಸಿದ್ದಳು. "ಅಮ್ಮನಿಗೆ ನೀನೇ ಹೇಳಿಬಿಡು, ಹೇಗೂ ನಿಮ್ಮಿಬ್ಬರಿಗೂ ಈಗ ಚೆನ್ನಾಗಿದೆಯಲ್ಲ," ಎಂದು ಹೇಳಿ, ಪಕ್ಕದ ಕಟ್ಟಡದ ಲಿಫ್ಟು ಕೆಟ್ಟಿದೆಯೆಂದು ಚಪ್ಪಲಿ ಮೆಟ್ಟಿ ಹೋದ.

ಅವಳು ಕೇಕಿನ ತುಂಡನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದಳು. ಹೇಳಿದಳು. ಎರಡು ವರ್ಷ, ಅಷ್ಟೇ ಎಂದಳು. ಒಳ್ಳೆಯ ಹೆಂಗಸನ್ನೇ ಇಡುತ್ತೇವೆ ಎಂದಳು.

"ಪಾಸಾ?" ಎಂದರು ಅತ್ತೆ.

"ಹೂಂ. ಪರೀಕ್ಷೇಲಿ ಅವರೂ ಬೇಡ ಅಂದ್ರು ಅತ್ತೆ. ಎಲ್ಲರೂ ಅಲ್ಲೇ ತಪ್ಪಿದ್ದು. ನನಗೆ ಮಾತ್ರ ಗೊತ್ತಿತ್ತು. ನಿಮ್ಮಿಂದಲೇ ನಾನು…"

ಅತ್ತೆ ಅವಳನ್ನೇ ನೋಡುತ್ತಿದ್ದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂತು.

"ನೀನು ಫೇಲಾಗ್ಲಿ ಅಂತ ನೋ ಅಂದೆ. ನಿನ್ನ ಗಂಡ ಫೋನಲ್ಲಿ ಹೇಳ್ತಿದ್ದನಲ್ಲ, ಆವತ್ತೇ ಎಲ್ಲ ಕೇಳಿಸ್ಕೊಂಡೆ. ಅಭ್ಯಾಸ ಕೆಡಿಸೋಣ, ರೇಗಿ ರೇಗಿ ಬಿಟ್ಟುಬಿಡ್ತಾಳೆ ಅಂತ. ಅದಕ್ಕೆ ಚಳೀಲಿ ನಡುಗಿದೆ. ಅದಕ್ಕೆ ಒದ್ದೇಲಿ ಮಲಗಿದೆ. ನನ್ನ ಕೈಯಾರೆ ನಿನ್ನ ವಿಮಾನ ಹತ್ತಿಸಿದೆ ನೋಡು."

ಸೊಸೆಯ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಹೊರಗೆ ಯಾರೋ ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಹೋಗುತ್ತಿದ್ದರು. ಆ ಸದ್ದು ನಿಂತ ಮೇಲೆ ಅತ್ತೆ ಛಾವಣಿ ನೋಡುತ್ತ, ಕೆಮ್ಮಿಗೆ ಇನ್ನೂ ತೊಡರುತ್ತಿದ್ದ ನಾಲಿಗೆಯಲ್ಲಿ ಅಂದರು.

"ಓ ಪೌರಾ."

"ಪೌರಾ ಅಲ್ಲ ಅತ್ತೆ," ಎಂದಳು ಸೊಸೆ. "ಪ-ಊ-ರಾ. ಊ ಎಳೀಬೇಕು."

ಹೇಳಿದ ಮೇಲೆಯೇ ಅವಳಿಗೆ ಗೊತ್ತಾದದ್ದು, ಭಯ ಎಂದವರಿಗೆ ತಾನೇನು ಹೇಳಿದೆನೆಂದು. ಅಷ್ಟು ಹೊತ್ತಿಗೆ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಕೇಕಿನ ತಟ್ಟೆಯನ್ನು ಎಡಗೈಗೆ ಎಟಕುವಂತೆ ಮಂಚದ ಅಂಚಿನಲ್ಲಿಟ್ಟು ಹೊರಗೆ ಬಂದಳು. ಆಮೇಲೆ ಬಂದು ನೋಡಿದಾಗ ಕೇಕಿಗೆ ಇರುವೆ ಹತ್ತಿತ್ತು.

ಮರುದಿನ ವೀಸಾಕ್ಕೆಂದು ಮೂರು ಕಚೇರಿಗಳಿಗೆ ಓಡಾಡುವುದಿತ್ತು. ಬೇಗ ಎದ್ದು, ಅನ್ನಕ್ಕಿಟ್ಟು, ಅತ್ತೆಯ ಕೋಣೆಗೆ ಬಂದು, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು ಹೊರಳಿಸಿದಳು. ಪೌಡರು ಬಡಿದಳು. ಹಾಸಿಗೆಯ ಸುಕ್ಕು ಎಳೆದಳು.

"ಇವತ್ತು ಕೇಳಲ್ವಾ?" ಎಂದರು ಅತ್ತೆ, ಗೋಡೆಗೆ.

"ಪರೀಕ್ಷೆ ಮುಗೀತಲ್ಲ ಅತ್ತೆ."

ಅವಳೇನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಗಡಿಯಾರ ನೋಡುತ್ತ ಹೇಳಿದಳು. ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳ ತೆಗೆಯುವಾಗ ಆ ಮಾತು ಹಿಂದಿರುಗಿ ಬಂದು ಎದೆಗೆ ತಾಕಿತು. ಹೋಗಿ ಒಂದು ಸಲ ಕೇಳಿಬಿಡಲೇ ಅನ್ನಿಸಿತು. ಆದರೆ ಈಗಾಗಲೇ ಹೊರಳಿಸಿಯಾಗಿದೆ, ಹೊದಿಸಿಯಾಗಿದೆ. ಇನ್ನು ಏನನ್ನು ಕೇಳುವುದು? ಬಸ್ಸು ತಪ್ಪಿದರೆ ಕಚೇರಿಯಲ್ಲಿ ಸಾಲು ಬೆಳೆಯುತ್ತದೆ. ಸಂಜೆ ಕೇಳೋಣವೆಂದುಕೊಂಡಳು. ಸಂಜೆ ಬೆರಳಚ್ಚು ಕೊಡಲು ಮತ್ತೆ ಕರೆದರು. ಹೀಗೇ ಬೆಳಗುಗಳು ಹೋದವು, ಸಂಜೆಗಳು ಹೋದವು. ಕೈ ತನ್ನ ಹಳೆಯ ಎಳೆತವನ್ನು ನೆನಪು ಮಾಡಿಕೊಂಡಿತು. ಅತ್ತೆ ನೋ ಅನ್ನುವುದನ್ನೂ ಬಿಟ್ಟರು, ಸಿ ಅನ್ನುವುದನ್ನೂ ಬಿಟ್ಟರು. ಇವತ್ತೇನು ಪಾಠ ಎಂದು ಯಾರೂ ಕೇಳಲಿಲ್ಲ.

ಅತ್ತೆಗೆಂದು ಗೊತ್ತುಮಾಡಿದ ಕೆಲಸದಾಕೆ, ಸೊಸೆ ಹೊರಡುವ ಮುನ್ನಾದಿನವೇ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಕೈ ತುಂಬ ಕೆಲಸದ ಗೆರೆಗಳು. ಯಾವ ಮಾತ್ರೆ ಯಾವಾಗ, ಯಾವ ಮಗ್ಗುಲಿಗೆ ದಿಂಬು, ಹಾಲು ಎಷ್ಟು ಬಿಸಿ ಎಂದೆಲ್ಲ ಸೊಸೆ ತೋರಿಸಿದಳು. ಇನ್ನೂ ಒಂದು ಮಾತು ನಾಲಿಗೆಯ ತುದಿಗೆ ಬಂತು.

"ಮುಟ್ಟೋಕ್ ಮುಂಚೆ…" ಎಂದಳು.

"ಕೈ ತೊಳೀಬೇಕು. ಗೊತ್ತಕ್ಕ," ಎಂದಳು ಕೆಲಸದಾಕೆ. "ಎಷ್ಟು ಜನ ಅಜ್ಜಿಯರನ್ನ ನೋಡಿಲ್ಲ ನಾನು. ನೀವು ಯೋಚನೆ ಮಾಡಬೇಡಿ, ಹೂವಿನ ಹಾಗೆ ನೋಡ್ಕೋತೀನಿ."

ಸೊಸೆ ತಲೆಯಾಡಿಸಿದಳು. ತಾನೇ ಕೇಳದ್ದನ್ನು ಇವಳಿಗೆ ಯಾವ ಬಾಯಲ್ಲಿ ಹೇಳುವುದು?

ಹೊರಡುವ ಬೆಳಿಗ್ಗೆ ಮೋಡ ಕವಿದು ಕೋಣೆಯೊಳಗೆ ಥಂಡಿ ಹಿಡಿದಿತ್ತು. ಗಂಡ ಸೂಟ್‌ಕೇಸು ಇಳಿಸಿ ಕೆಳಗೆ ಕಾರಿನಲ್ಲಿಡಲು ಹೋಗಿದ್ದ. ಅವಳು ಅತ್ತೆಯ ಕೋಣೆಗೆ ಬಂದು ಮಂಚದ ಪಕ್ಕ ನಿಂತಳು. ಹೊದಿಕೆ ಕಾಲಬುಡದಲ್ಲಿ ಮಡಚಿಟ್ಟಿತ್ತು. ಅತ್ತೆಯ ಕಾಲ್ಬೆರಳುಗಳು ಬೆಳ್ಳಗಾಗಿದ್ದವು.

"ಸಿನ್ಯೋರಾ," ಎಂದಳು. ಕೈ ಹೊದಿಕೆಯತ್ತ ಹೋಯಿತು.

"ಅಲ್ಲಿಗೆ ಉಳಿಸ್ಕೋ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ಬೇಕಾಗುತ್ತೆ."

ಅವಳು ಬಗ್ಗಿ ಅತ್ತೆಯ ಪಾದ ಮುಟ್ಟಿದಳು. ಬೆಣಚುಕಲ್ಲಿನಷ್ಟು ತಣ್ಣಗಿದ್ದವು. ಕೆಳಗೆ ಕಾರಿನ ಹಾರ್ನು ಕೇಳಿಸಿತು. ಕೆಲಸದಾಕೆ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಒಳಗೆ ಬಂದು, "ನೀವು ಹೊರಡಿ ಅಕ್ಕ, ಹೊತ್ತಾಗುತ್ತೆ. ಅಯ್ಯೋ, ಅಜ್ಜಿಗೆ ಹೊದಿಸೇ ಇಲ್ಲ," ಎಂದಳು.

ಬಾಗಿಲಲ್ಲಿ ಬೂಟಿನ ಪಟ್ಟಿ ಕಟ್ಟಿಕೊಳ್ಳಲು ಬಗ್ಗಿದವಳಿಗೆ ಒಳಗಿನಿಂದ ಕೇಳಿಸಿತು.

"ನೋ."

ಅವಳು ತಲೆ ಎತ್ತಿದಳು. ಅತ್ತೆಯ ಎಡಗೈ ಮೇಲೆದ್ದಿತ್ತು, ಅಂಗೈ ಬಿಚ್ಚಿಕೊಂಡು.

"ಏನಂತಾರೆ ಅಕ್ಕ ಇವರು?" ಎಂದು ಕೆಲಸದಾಕೆ ಹೊದಿಕೆ ಕೊಡವುತ್ತ ಕೇಳಿದಳು.

ಹಾರ್ನು ಮತ್ತೆ ಕೂಗಿತು, ಈ ಸಲ ಉದ್ದಕ್ಕೆ.

"ಏನಿಲ್ಲ," ಎಂದಳು ಸೊಸೆ. "ಹಿಂದೆ ಟೆಲಿಫೋನಿನಲ್ಲಿದ್ರು. ಅಭ್ಯಾಸ."

"ಪಾಪ," ಎಂದಳು ಕೆಲಸದಾಕೆ. ಹೊದಿಕೆಯನ್ನು ಒಂದೇ ಸಲಕ್ಕೆ ಬೀಸಿ, ಗಲ್ಲದವರೆಗೂ ಎಳೆದು, ಎರಡೂ ಬದಿಗೆ ಅಚ್ಚುಕಟ್ಟಾಗಿ ಮಡಚಿ ಸಿಕ್ಕಿಸಿದಳು. ಹೊದಿಕೆಯ ನಡುವೆ, ಎದೆಯ ಹತ್ತಿರ, ಒಂದು ಪುಟ್ಟ ಗುಡಾರದ ಹಾಗೆ ಆ ಕೈ ಎದ್ದೇ ಇತ್ತು.